ಫ್ರೀಜ್ ಸ್ಪ್ರೇ ಬೇಕಾ, ಡಸ್ಟರ್ ಸಾಕಾ, ಐಪಿಎ ಸಾಕಾ, ಐಸ್ ಸಾಕಾ? ಬೋರ್ಡ್ ರಿಪೇರಿಗೂ ಮನೆ ಕೆಲಸಕ್ಕೂ ಯಾವುದು ಯಾವಾಗ

ಬೋರ್ಡಿನ ಪಾರ್ಟನ್ನ ಕ್ಷಣದಲ್ಲಿ ತಣ್ಣಗೆ ಮಾಡೋ ಫ್ರೀಜ್ ಸ್ಪ್ರೇ ಒಂದು ಕ್ಯಾನ್ ತರಿಸ್ಕೊಳ್ಲಾ, ಇಲ್ಲ ಕೀಬೋರ್ಡ್ ಧೂಳು ಹೊಡೆಯೋ ಡಸ್ಟರನ್ನೇ ತಲೆಕೆಳಗೆ ಹಿಡಿದು ಹೊಡೆದ್ರೆ ನಡೆಯುತ್ತಾ, ಮನೇಲಿ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಬಾಟಲಿ ಇದ್ಯಲ್ಲ ಅದರಲ್ಲೇ ಆಗಲ್ವಾ ಅಂತ ಕೇಳೋರು ತುಂಬಾ ಜನ. ಕಾರಣ ಗೊತ್ತೇ ಇದೆ, ವಿಡಿಯೋದಲ್ಲಿ ಯಾರೋ ಲ್ಯಾಪ್‌ಟಾಪ್ ಬೋರ್ಡ್ ಮೇಲೆ ಪುಸ್ ಅಂತ ಹೊಡೀತಾರೆ, ಬೆಳ್ಳಗೆ ಹಿಮ ಕೂರುತ್ತೆ, ಸಪ್ಲೈ ಕೊಟ್ಟ ತಕ್ಷಣ ಒಂದೇ ಒಂದು ಚುಕ್ಕಿ ಕರಗುತ್ತೆ, ಅಲ್ಲೇ ಶಾರ್ಟ್ ಸರ್ಕ್ಯೂಟ್ ಅಂತ ತೋರಿಸ್ತಾರೆ. ನೋಡಿದವರಿಗೆ ಇದೊಂದಿದ್ರೆ ಎಲ್ಲಾ ರಿಪೇರಿನೂ ಆಗೋಗುತ್ತೆ ಅನ್ಸುತ್ತೆ. ಆದ್ರೆ ನಿಜ ಹೇಳ್ಬೇಕಂದ್ರೆ ಆ ವಿಡಿಯೋದಲ್ಲಿ ತೋರಿಸೋ ಕೆಲಸಕ್ಕೆ ಇದಕ್ಕಿಂತ ಅಗ್ಗದ್ದು ಇದೆ, ಇದು ನಿಜವಾಗ್ಲೂ ಬೇಕಾಗೋ ಕೆಲಸ ಬೇರೆನೇ ಇದೆ, ಅದನ್ನ ಯಾರೂ ಸರಿಯಾಗಿ ಹೇಳಲ್ಲ. ಅದಕ್ಕೇ ಬರೀತಿದ್ದೀನಿ.

ನಾನು ಮನೇಲೇ ಆಂಪ್ಲಿಫೈಯರ್, ಟಿವಿ, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ವಾಷಿಂಗ್ ಮಷೀನ್ ಬೋರ್ಡು ಇಂಥವು ರಿಪೇರಿ ಮಾಡ್ತಾ ಬಂದಿದ್ದೀನಿ. ಸ್ಪ್ರೇ ಕ್ಯಾನ್ ನನ್ನ ಹತ್ರ ಯಾವಾಗ್ಲೂ ಒಂದಿರುತ್ತೆ, ಆದ್ರೆ ಒಂದು ಕ್ಯಾನ್ ಖಾಲಿ ಆಗೋಕೆ ವರ್ಷದ ಮೇಲೇ ಹಿಡಿಯುತ್ತೆ.

ಯಾವುದನ್ನ ಇಟ್ಕೊಂಡು ಅಳೆಯೋದು

ಎಷ್ಟು ತಣ್ಣಗಾಗುತ್ತೆ ಅನ್ನೋದನ್ನೇ ಎಲ್ಲರೂ ಮೊದಲು ಕೇಳೋದು, ಕ್ಯಾನ್ ಮೇಲೂ ಮೈನಸ್ 50 ಡಿಗ್ರಿ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ. ಆದ್ರೆ ಬೋರ್ಡ್ ರಿಪೇರಿಲಿ ಅದಕ್ಕಿಂತ ಮುಖ್ಯ ಆಗೋದು ಎಷ್ಟು ಸಣ್ಣ ಜಾಗವನ್ನ ಮಾತ್ರ ತಣ್ಣಗೆ ಮಾಡಬಹುದು ಅನ್ನೋದು. ಒಂದು ಟ್ರಾನ್ಸಿಸ್ಟರ್ ಮೇಲೆ ಮಾತ್ರ ಚಳಿ ಬೀಳಬೇಕು, ಪಕ್ಕದ್ದಕ್ಕೆ ತಾಗಬಾರದು. ಇದಾಗದಿದ್ರೆ ಮೈನಸ್ 50 ಆದ್ರೂ ಪ್ರಯೋಜನ ಇಲ್ಲ.

ಆಮೇಲೆ ಬೆಂಕಿ ಹತ್ತೋದಾ ಅಲ್ವಾ ಅನ್ನೋದು, ಇದು ರಾಜಿನೇ ಮಾಡ್ಕೋಬಾರದ ವಿಷಯ, ಯಾಕಂದ್ರೆ ನಾವು ಇದನ್ನ ಹೊಡೆಯೋದೇ ಆನ್ ಆಗಿರೋ ಬೋರ್ಡ್ ಮೇಲೆ. ಮೂರನೇದು ನೀರು. ತಣ್ಣಗಾದ ಜಾಗದ ಮೇಲೆ ಗಾಳೀಲಿರೋ ತೇವ ಬಂದು ಕೂರುತ್ತೆ, ಮೊದಲು ಹಿಮ, ಆಮೇಲೆ ನೀರ ಹನಿ. ಬಳ್ಳಾರಿ ಬಿಸಿಲಲ್ಲಿ ಇದು ದೊಡ್ಡ ವಿಷಯ ಅಲ್ಲ, ಜುಲೈಯಲ್ಲಿ ಮಂಗಳೂರಲ್ಲೋ ಕಾರವಾರದಲ್ಲೋ ಕೂತು ಮಾಡಿದ್ರೆ ಬೋರ್ಡು ನೆನೆದೇ ಹೋಗುತ್ತೆ. ನಾಲ್ಕನೇದು ಸ್ಟಾಟಿಕ್, ಅಂದ್ರೆ ಉಜ್ಜಾಟದಿಂದ ಕೂರೋ ವಿದ್ಯುತ್ ಚಾರ್ಜು. ಸಣ್ಣ ನಳಿಕೆಯಿಂದ ಜೋರಾಗಿ ನುಗ್ಗೋ ದ್ರವ ಮತ್ತು ಗ್ಯಾಸು ಚಾರ್ಜ್ ಹುಟ್ಟಿಸುತ್ತೆ, ಸೂಕ್ಷ್ಮ ಐಸಿಗಳಿಗೆ ಅದೇ ಕುತ್ತು. ಕೊನೇಲಿ ಕಲೆ ಉಳಿಯುತ್ತಾ ಅನ್ನೋದು, ದುಡ್ಡು, ಮತ್ತೆ ಗಾಳಿಗೆ ಏನು ಬಿಡ್ತಿದ್ದೀವಿ ಅನ್ನೋದು. ಆ ಕೊನೇದನ್ನ ಸಣ್ಣದು ಅಂದ್ಕೋಬೇಡಿ, ಮುಂದೆ ಲೆಕ್ಕ ಕೊಡ್ತೀನಿ.

ಇಷ್ಟೂ ನೋಡೋಕೆ ಮುಂಚೆ ನಿಮ್ಮ ಕಂಪ್ಲೇಂಟ್ ಯಾವ ಜಾತಿದು ಅಂತ ಗೊತ್ತಿರ್ಬೇಕು. ಆನ್ ಮಾಡಿದಾಗ ಸರಿ ಇದ್ದು ಬಿಸಿ ಆದ್ಮೇಲೆ ಕೈಕೊಡೋದು ಒಂದು. ಶುರುವಿಂದಲೇ ಸತ್ತಿರೋದು, ಸಪ್ಲೈ ಲೈನ್ ಗ್ರೌಂಡಿಗೆ ಶಾರ್ಟ್ ಆಗಿರೋದು ಇನ್ನೊಂದು. ತಣ್ಣಗಿದ್ದಾಗ ಆನ್ ಆಗದೆ ಸ್ವಲ್ಪ ಹೊತ್ತು ಬಿಟ್ರೆ ಸರಿ ಹೋಗೋದು ಮೂರನೇದು. ಮೂರಕ್ಕೂ ಔಷಧ ಬೇರೆ ಬೇರೆ, ಫ್ರೀಜ್ ಸ್ಪ್ರೇ ರಾಜ ಆಗೋದು ಮೊದಲನೇದರಲ್ಲಿ ಮಾತ್ರ.

ಅಸಲಿ ಫ್ರೀಜ್ ಸ್ಪ್ರೇ

ಒಳಗಿರೋದು ಒತ್ತಡದಲ್ಲಿ ದ್ರವ ಆಗಿರೋ ಗ್ಯಾಸು, ಅಷ್ಟೇ. ಹಳೇ ಕ್ಯಾನುಗಳಲ್ಲೂ ನಮ್ಮಲ್ಲಿ ಸಿಗೋ ಸುಮಾರು ಕ್ಯಾನುಗಳಲ್ಲೂ ಇರೋದು ಆರ್ 134ಎ, ಹಳೇ ಫ್ರಿಜ್‌ಗಳಿಗೂ ಕಾರ್ ಏಸಿಗೂ ಹಾಕೋ ಅದೇ ಗ್ಯಾಸು. ಇದು ಕುದಿಯೋದು ಮೈನಸ್ 26 ಡಿಗ್ರಿಲಿ. ಹಾಗಾದ್ರೆ ಕ್ಯಾನ್ ಮೇಲೆ ಮೈನಸ್ 50 ಹೇಗೆ ಅಂತ ಕೇಳಬಹುದು, ಬೆವರು ಆರುವಾಗ ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತಲ್ಲ ಹಾಗೆ ಈ ಹನಿಗಳೂ ಗಾಳೀಲಿ ಆರ್ತಾ ಆರ್ತಾ ಕುದಿಯೋ ಬಿಂದುವಿಗಿಂತ ಕೆಳಗೆ ಇಳಿಯುತ್ತೆ. ಆದ್ರೆ ಬೋರ್ಡಿನ ತಾಮ್ರ ಸುತ್ತಲಿಂದ ಶಾಖ ತಂದು ಕೊಡ್ತಾನೇ ಇರುತ್ತೆ, ಹಾಗಾಗಿ ನಿಮ್ಮ ಪಾರ್ಟು ನಿಜವಾಗ್ಲೂ ಅಷ್ಟು ತಣ್ಣಗಾಗೋದು ಅಪರೂಪ, ಅಷ್ಟು ಬೇಕಾಗೋದೂ ಇಲ್ಲ.

ಇದರ ನಿಜವಾದ ಬೆಲೆ ಇರೋದು ಜೊತೆಗೆ ಬರೋ ಆ ಕೆಂಪು ಸ್ಟ್ರಾದಲ್ಲಿ. ಒಂದು ಉದಾಹರಣೆ ಹೇಳ್ತೀನಿ. ನಮ್ಮ ಮನೆ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಹಾಕಿ 20-25 ನಿಮಿಷಕ್ಕೆ ಎಡಗಡೆ ಚಾನೆಲ್ ಕರಕರ ಅಂದು ನಿಂತೋಗ್ತಿತ್ತು, ಆಫ್ ಮಾಡಿ ಬಿಟ್ರೆ ಮತ್ತೆ ಸರಿ. ಮೀಟರ್ ಹಿಡಿದು ನೋಡೋ ಹೊತ್ತಿಗೆ ಕವರ್ ಬಿಚ್ಚಿರ್ತೀವಿ, ಗಾಳಿ ಆಡಿ ತಣ್ಣಗಾಗಿ ಎಲ್ಲಾ ರೀಡಿಂಗೂ ಸರಿ ಬರುತ್ತೆ. ಕೊನೆಗೆ ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ಕಂಪ್ಲೇಂಟನ್ನ ಎರಡು ನಿಮಿಷದಲ್ಲೇ ಬರಿಸಿ, ಆಮೇಲೆ ಒಂದೊಂದೇ ಪಾರ್ಟಿಗೆ ಒಂದು ಸೆಕೆಂಡಿನಷ್ಟು ಸ್ಪ್ರೇ ಹೊಡೀತಾ ಬಂದೆ. ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಹೊಡೆದೆ, ಏನಿಲ್ಲ. ಅದರ ಹಿಂದಿನ ಡ್ರೈವರ್ ಟ್ರಾನ್ಸಿಸ್ಟರ್‌ಗೆ ಹೊಡೆದ ತಕ್ಷಣ ಹಾಡು ವಾಪಸ್ ಬಂತು. ಮತ್ತೆ ಬಿಸಿ ಮಾಡಿದೆ ಹೋಯ್ತು, ಮತ್ತೆ ಹೊಡೆದೆ ಬಂತು. ಮೂರು ಸಲ ಹೀಗೆ ಆದ್ಮೇಲೇ ನಂಬಿದ್ದು, ಒಂದೇ ಸಲಕ್ಕೆ ನಂಬ್ಕೊಂಡು ಪಾರ್ಟು ಕಿತ್ತವರು ಕೆಟ್ಟಿದ್ದಾರೆ. ಆಮೇಲೆ ಗೊತ್ತಾಗಿದ್ದು, ಟ್ರಾನ್ಸಿಸ್ಟರ್ ಸರಿಯಾಗೇ ಇತ್ತು, ಅದರ ಒಂದು ಕಾಲಿನ ಸುತ್ತ ಕೂದಲೆಳೆ ಥರ ಉಂಗುರಾಕಾರದ ಬಿರುಕು, ಅಂದ್ರೆ ಬೆಸುಗೆ ಬಿಟ್ಟಿರೋ ಡ್ರೈ ಸೋಲ್ಡರ್. ಬಿಸಿಗೆ ಕಾಲು ಹಿಗ್ಗಿದಾಗ ಕಾಂಟ್ಯಾಕ್ಟ್ ಬಿಡ್ತಿತ್ತು.

ಇದರಿಂದ ನಾನು ಒಂದು ಪದ್ಧತಿ ಮಾಡ್ಕೊಂಡೆ: ಸ್ಪ್ರೇ ಹೇಳೋದು ಜಾಗ ಮಾತ್ರ, ಆರೋಪಿ ಯಾರು ಅಂತ ಅಲ್ಲ. ಮೊದಲು ಆ ಜಾಗದ ಸೋಲ್ಡರ್ ಎಲ್ಲಾ ಹೊಸದಾಗಿ ಟಚ್ ಮಾಡಿ, ಮತ್ತೆ ಬಿಸಿ ಮಾಡಿ ನೋಡಿ, ಆಗಲೂ ಬಂದ್ರೆ ಮಾತ್ರ ಪಾರ್ಟ್ ಬದಲಾಯಿಸಿ. ಕ್ರಿಸ್ಟಲ್, ರೆಗ್ಯುಲೇಟರ್ ಐಸಿ, ಹಳೇ ಟ್ರಾನ್ಸಿಸ್ಟರ್, ಬಿರುಕು ಬಿಟ್ಟ ಟ್ರ್ಯಾಕು, ಬಿಸಿ ಆದ್ಮೇಲೆ ಕೈಕೊಡೋ ಇವನ್ನೆಲ್ಲಾ ಹಿಡಿಯೋಕೆ ಇದಕ್ಕೆ ಸಾಟಿ ಇಲ್ಲ, ಇದನ್ನ ಧೈರ್ಯವಾಗಿ ಹೇಳ್ತೀನಿ.

ಒಂದು ಮೋಸ ಇದೆ, ಅದನ್ನ ತಿಳ್ಕೊಂಡಿರಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇದ್ಯಲ್ಲ, ಹಳಬರು ಕಂಡೆನ್ಸರ್ ಅಂತಾರೆ, ಅದು ಸರಿಯಾಗಿದ್ರೂ ತುಂಬಾ ತಣ್ಣಗೆ ಮಾಡಿದ್ರೆ ಅದರ ಕೆಪಾಸಿಟೆನ್ಸ್ ಇಳಿಯುತ್ತೆ, ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ಹಾಗಾಗಿ ಅದಕ್ಕೆ ಹೊಡೆದಾಗ ಸರ್ಕ್ಯೂಟ್ ತಕರಾರು ಮಾಡಿದ್ರೆ ಕೆಪಾಸಿಟರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಹಾಗೇ ಹಿಮ ಕರಗಿ ನೀರಾಗಿ ಸೂಕ್ಷ್ಮ ಸರ್ಕ್ಯೂಟಿನ ಕಾಲುಗಳ ಮಧ್ಯೆ ಲೀಕೇಜ್ ಆದ್ರೆ ಇಲ್ಲದ ಹೊಸ ಕಂಪ್ಲೇಂಟ್ ಹುಟ್ಟುತ್ತೆ, ನೀವು ಅದರ ಹಿಂದೆ ಅಲೀತೀರ. ಅದಕ್ಕೇ ಚಿಕ್ಕ ಚಿಕ್ಕ ಚಿಟಿಕೆ, ಮಧ್ಯೆ ಗ್ಯಾಪು, ಮುಗಿದ ಮೇಲೆ ಡ್ರೈಯರಲ್ಲಿ ಹದವಾದ ಬಿಸಿ ಕೊಟ್ಟು ಒಣಗಿಸೋದು. ಚೆನ್ನಾಗಿ ಕಾದಿರೋ ಗಾಜು, ಸೆರಾಮಿಕ್ ರೆಸಿಸ್ಟರ್, ದೊಡ್ಡ ಸೈಜಿನ ಚಿಪ್ ಕೆಪಾಸಿಟರ್ ಇವುಗಳ ಮೇಲೆ ಸುರಿಯೋಹಾಗೆ ಹೊಡೆದ್ರೆ ಸೀಳಬಹುದು, ಬಿಸಿ ಲೋಟಕ್ಕೆ ತಣ್ಣೀರು ಹಾಕಿದಂಗೆ.

ಈಗ ಯಾವ ಕ್ಯಾನು ಅನ್ನೋ ವಿಷಯ. ಅಂಗಡೀಲಿ ಮೂರು ಥರದ್ದು ಸಿಗುತ್ತೆ. ಆರ್ 134ಎ ಬೆಂಕಿ ಹತ್ತಲ್ಲ, ಕಲೆ ಬಿಡಲ್ಲ, ಕೆಲಸ ಚೆನ್ನಾಗಿ ಮಾಡುತ್ತೆ, ಆದ್ರೆ ಭೂಮಿ ಬಿಸಿ ಮಾಡೋ ಶಕ್ತಿ 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು. ಲೆಕ್ಕ ಹಾಕಿ ನೋಡಿ, 300 ಗ್ರಾಮಿನ ಒಂದು ಕ್ಯಾನ್ ಪೂರ್ತಿ ಖಾಲಿ ಮಾಡಿದ್ರೆ ಸುಮಾರು 430 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಂಗೆ, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಬರೋದು 2.3 ಕಿಲೋ ಹತ್ರ, ಅಂದ್ರೆ 180 ಲೀಟರಿಗೂ ಮೇಲೆ ಪೆಟ್ರೋಲ್ ಸುಟ್ಟಷ್ಟು. ಈ ಲೆಕ್ಕ ಮೊದಲ ಸಲ ಹಾಕಿದಾಗ ನಂಗೆ ನಿಜವಾಗ್ಲೂ ಬೇಜಾರಾಯ್ತು, ಅವತ್ತಿಂದ ಮಕ್ಕಳಿಗೆ ತೋರ್ಸೋಕೆ ಅಂತ ಸುಮ್ನೆ ಹೊಡೆಯೋದು ಬಿಟ್ಟೆ. ಯುರೋಪಿನಲ್ಲಿ 2018ರ ಜನವರಿಯಿಂದ ಇಂಥ ಟೆಕ್ನಿಕಲ್ ಸ್ಪ್ರೇಗಳಲ್ಲಿ ಈ ಅಂಕಿ 150 ಮತ್ತು ಅದಕ್ಕಿಂತ ಜಾಸ್ತಿ ಇರೋ ಎಚ್‌ಎಫ್‌ಸಿ (134ಎ ಜಾತಿಯ) ಗ್ಯಾಸನ್ನ ನಿಷೇಧ ಮಾಡಿದ್ದಾರೆ, ಸುರಕ್ಷತೆಗೆ ಬೇಕೇ ಬೇಕು ಅನ್ನೋ ಕಡೆಗೂ ವೈದ್ಯಕೀಯ ಬಳಕೆಗೂ ಮಾತ್ರ ವಿನಾಯಿತಿ. ಇಂಥ ಗ್ಯಾಸುಗಳನ್ನ ಕಮ್ಮಿ ಮಾಡೋ ಕಿಗಾಲಿ ಒಪ್ಪಂದವನ್ನ ಭಾರತ 2021ರಲ್ಲಿ ಅನುಮೋದಿಸಿದೆ, ನಮ್ಮಲ್ಲಿ ಕಡಿತ ಶುರು ಆಗೋದು 2032ರಿಂದ.

ಎರಡನೇದು ಎಚ್‌ಎಫ್‌ಓ 1234ಝಡ್‌ಇ ಅನ್ನೋ ಹೊಸ ಗ್ಯಾಸು. ಕುದಿಯೋದು ಮೈನಸ್ 19ರಲ್ಲಿ, ಭೂಮಿ ಬಿಸಿ ಮಾಡೋ ಅಂಕಿ 10ಕ್ಕಿಂತ ಕಮ್ಮಿ. ರೂಮಿನ ಸಾಮಾನ್ಯ ಉಷ್ಣಾಂಶದಲ್ಲಿ ಬೆಂಕಿ ಹತ್ತಲ್ಲ ಅಂತಾರೆ, ಆದ್ರೆ 30 ಡಿಗ್ರಿ ಮೇಲೆ ಸ್ವಲ್ಪ ಹತ್ತೋ ಗುಣ ಬರುತ್ತೆ, ರಾಯಚೂರು ಕಲಬುರಗಿ ಕಡೆಯವರು ಬೇಸಿಗೇಲಿ ಇದನ್ನ ನೆನಪಿಟ್ಕೊಳ್ಳಿ. ಬೆಲೆ ಜಾಸ್ತಿ. ಜರ್ಮನಿ, ನೆದರ್ಲ್ಯಾಂಡ್ಸ್ ಕಡೆ ಇರೋ ನಮ್ಮವರು ಅಲ್ಲಿ ಅಂಗಡಿಗೆ ಹೋದ್ರೆ ಬೆಂಕಿ ಹತ್ತದ ಕ್ಯಾನ್ ಅಂತ ಕೇಳಿದಾಗ ಸಿಗೋದು ಬಹುತೇಕ ಇದೇ. ಊರಿಗೆ ಬರ್ತಾ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರೋಣ ಅಂತ ಮಾತ್ರ ಯೋಚನೆ ಮಾಡ್ಬೇಡಿ, ಇಂಥ ಒತ್ತಡದ ಕ್ಯಾನುಗಳನ್ನ ವಿಮಾನದಲ್ಲಿ ಸಾಮಾನ್ಯವಾಗಿ ಬಿಡಲ್ಲ.

ಮೂರನೇದು ಅಗ್ಗದ ಕ್ಯಾನು, ಒಳಗೆ ಬ್ಯುಟೇನ್, ಪ್ರೊಪೇನ್ ಇಲ್ಲ ಡೈಮೀಥೈಲ್ ಈಥರ್. ಜ್ವಾಲೆ ಚಿತ್ರ ಇರುತ್ತೆ ನೋಡಿ. ಚಳಿ ಚೆನ್ನಾಗೇ ಬರುತ್ತೆ, ಹವಾಮಾನಕ್ಕೂ ಕಮ್ಮಿ ಕೆಟ್ಟದ್ದು, ಆದ್ರೆ ಆನ್ ಆಗಿರೋ ಬೋರ್ಡ್ ಮೇಲೆ ಇದನ್ನ ಹೊಡೆಯೋದು ಅಡುಗೆ ಗ್ಯಾಸ್ ಬಿಟ್ಟು ಸ್ವಿಚ್ ಹಾಕಿದಂಗೆ. ಆಫ್ ಮಾಡಿರೋ, ಪ್ಲಗ್ ಕಿತ್ತಿರೋ, ಕೆಪಾಸಿಟರ್ ಡಿಸ್ಚಾರ್ಜ್ ಆಗಿರೋ ಸಾಮಾನಿಗೆ ಕಿಟಕಿ ಬಾಗಿಲು ತೆಗೆದು ಬಳಸಬಹುದು. ಆದ್ರೆ ಆಫ್ ಆಗಿರೋ ಬೋರ್ಡಿಗೆ ಫ್ರೀಜ್ ಸ್ಪ್ರೇ ಕೆಲಸನೇ ಇಲ್ವಲ್ಲ, ಹಾಗಾಗಿ ಎಲೆಕ್ಟ್ರಾನಿಕ್ಸಿಗೆ ಅಂತ ತಗೊಳ್ಳೋರು ಇದನ್ನ ತಗೋಬೇಡಿ.

ಬೆಲೆ ನಾನು ನೋಡಿದ ಮಟ್ಟಿಗೆ ಒಳ್ಳೇ ಕಂಪನಿ ಕ್ಯಾನಿಗೆ ಆರೇಳು ನೂರರಿಂದ ಸಾವಿರದ ಮೇಲೂ ಇದೆ, ಆಮದಾಗಿ ಬರೋವು ಇನ್ನೂ ಜಾಸ್ತಿ. ಎಂಜಿ ಕೆಮಿಕಲ್ಸ್, ಕೆಮ್‌ಟ್ರಾನಿಕ್ಸ್, ಟೆಕ್‌ಸ್ಪ್ರೇ ಇವೆಲ್ಲ ಹೆಸರಿರೋವು, ಕೆಲವು ಆಂಟಿಸ್ಟಾಟಿಕ್ ಅಂತ ಬೇರೆ ಕ್ಯಾನೂ ಮಾಡ್ತಾರೆ. ಕಂಪ್ಯೂಟರ್ ಬೋರ್ಡು, ಮೊಬೈಲ್ ಬೋರ್ಡು ಮುಟ್ಟೋರಾದ್ರೆ ಆಂಟಿಸ್ಟಾಟಿಕ್‌ಗೆ ಸ್ವಲ್ಪ ಜಾಸ್ತಿ ಕೊಟ್ರೂ ಸರಿ. ಹಳೇ ರೇಡಿಯೋ, ಆಂಪ್ಲಿಫೈಯರ್ ಮಾತ್ರ ಅಂದ್ರೆ ಅಷ್ಟು ತಲೆ ಕೆಡಿಸ್ಕೋಬೇಡಿ.

ಡಸ್ಟರ್ ತಲೆಕೆಳಗೆ

ಕೆಲಸ ಮಾಡುತ್ತೆ, ಸುಳ್ಳಲ್ಲ. ನೆಟ್ಟಗೆ ಹಿಡಿದ್ರೆ ಗ್ಯಾಸು, ತಲೆಕೆಳಗೆ ಹಿಡಿದ್ರೆ ದ್ರವ, ಆ ದ್ರವ ಫ್ರೀಜ್ ಸ್ಪ್ರೇ ಥರಾನೇ. ಸಮಸ್ಯೆ ಏನಂದ್ರೆ ಡಸ್ಟರಲ್ಲಿ ಸಾಮಾನ್ಯವಾಗಿ ಇರೋದು ಆರ್ 152ಎ ಅನ್ನೋ ಗ್ಯಾಸು, ಇದು ಮೈನಸ್ 25ರ ಹತ್ರ ಕುದಿಯುತ್ತೆ, ಬೆಂಕಿ ಹತ್ತುತ್ತೆ. ಕೆಲವು ಲೋಕಲ್ ಡಸ್ಟರಲ್ಲಿ ಎಲ್‌ಪಿಜಿನೇ ತುಂಬಿರ್ತಾರೆ. ಮಕ್ಕಳು ಮೂಸಿ ನಶೆ ಮಾಡ್ಕೋಬಾರದು ಅಂತ ಕಹಿ ಪದಾರ್ಥ ಸೇರಿಸಿರ್ತಾರೆ ಕೆಲವದಕ್ಕೆ, ದ್ರವ ಆರಿದ ಮೇಲೆ ಅದು ಬೋರ್ಡ್ ಮೇಲೆ ಕಲೆಯಾಗಿ ಉಳಿಯುತ್ತೆ. 230 ವೋಲ್ಟ್ ಮೇನ್ಸ್‌ನಿಂದ ನಡೆಯೋ ಪವರ್ ಸಪ್ಲೈ ಬೋರ್ಡಲ್ಲಿ ದೊಡ್ಡ ಕೆಪಾಸಿಟರ್ ಮೇಲೆ 325 ವೋಲ್ಟ್ ಡಿಸಿ ಕೂತಿರುತ್ತೆ, ಅಲ್ಲೊಂದು ರಿಲೇ ಟಿಕ್ ಅಂದ್ರೆ ಸಾಕು, ಕಿಡಿ ಅಲ್ಲೇ ಇರುತ್ತೆ. ನಾನು ಒಬ್ಬ ಸ್ನೇಹಿತನ ಬೆಂಚಲ್ಲಿ ಇದೇ ಥರ ಭಗ್ ಅಂತ ಹೊತ್ಕೊಂಡಿದ್ದನ್ನ ಕಣ್ಣಾರೆ ನೋಡಿದೀನಿ, ಹುಬ್ಬಿನ ಕೂದಲು ಸುಟ್ಟಿದ್ದು ಬಿಟ್ರೆ ಏನೂ ಆಗ್ಲಿಲ್ಲ, ಪುಣ್ಯ. ಇನ್ನೂರು ರೂಪಾಯಿ ಉಳಿಸೋಕೆ ಇದು ಬೇಡ ಅಂತ ಕೈಮುಗಿದು ಹೇಳ್ತೀನಿ. ಲೈಟರ್ ರೀಫಿಲ್ ಗ್ಯಾಸ್ ಹೊಡೆಯೋ ವಿಡಿಯೋನೂ ಓಡಾಡ್ತಿದೆ, ಅದು ಇದಕ್ಕಿಂತ ಕಡೆ.

ನೋವಿಗೆ ಹೊಡ್ಕೊಳ್ಳೋ ಸ್ಪ್ರೇ ಆಗುತ್ತಾ ಅಂತಾನೂ ಕೇಳಿದ್ದಾರೆ. ಅದರಲ್ಲಿ ಔಷಧ, ಎಣ್ಣೆ, ಮೆಂಥಾಲ್ ಇರುತ್ತೆ, ಬೋರ್ಡೆಲ್ಲಾ ಜಿಡ್ಡಾಗುತ್ತೆ. ಉಲ್ಟಾನೂ ಮಾಡ್ಬೇಡಿ, ಬೋರ್ಡಿನ ಸ್ಪ್ರೇಯನ್ನ ಉಳುಕಿದ ಕಾಲಿಗೋ ನರೂಲಿಗೋ ಹೊಡ್ಕೋಬೇಡಿ, ಚರ್ಮ ಸುಟ್ಟ ಗಾಯದ ಥರಾನೇ ಏಳುತ್ತೆ. ನರೂಲಿಗೆ ಆಸ್ಪತ್ರೆಲಿ ದ್ರವ ನೈಟ್ರೋಜನ್ ಹಾಕ್ತಾರೆ ನಿಜ, ಅದು ಎಷ್ಟು ಹೊತ್ತು, ಎಷ್ಟು ಆಳ ಅಂತ ಗೊತ್ತಿರೋರು ಮಾಡೋ ಕೆಲಸ.

ಐಪಿಎ, ರಾಳದ ಹೊಗೆ, ಥರ್ಮಲ್ ಕ್ಯಾಮೆರಾ

ಇವು ಶಾರ್ಟ್ ಹುಡುಕೋರಿಗೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೊಬೈಲ್ ಬೋರ್ಡ್ ಕೆಲಸ ಮಾಡೋ ಹುಡುಗರನ್ನ ನೋಡಿ, ಫ್ರೀಜ್ ಸ್ಪ್ರೇ ಹಿಡಿದವರು ಕಮ್ಮಿ. ಸೋಲ್ಡರಿಂಗ್ ಐರನ್ ತುದಿಗೆ ರಾಳ (ರೋಸಿನ್) ಮುಟ್ಟಿಸಿ ಆ ಹೊಗೇನ ಬೋರ್ಡಿಗೆ ಹಿಡೀತಾರೆ, ಬಿಳಿ ಪುಡಿ ತೆಳ್ಳಗೆ ಕೂರುತ್ತೆ, ಡಿಸಿ ಸಪ್ಲೈಯಿಂದ ಶಾರ್ಟ್ ಆಗಿರೋ ಲೈನಿಗೆ ಕರೆಂಟ್ ಬಿಟ್ರೆ ಬಿಸಿ ಆದ ಪಾರ್ಟಿನ ಮೇಲೆ ಮಾತ್ರ ಕರಗಿ ಹೊಳೆಯುತ್ತೆ. ಖರ್ಚು ಅನ್ನೋದೇ ಇಲ್ಲ. ಹಿಮದ ಥರ ಅರ್ಧ ನಿಮಿಷದಲ್ಲಿ ತಾನಾಗೇ ಕರಗಿ ಹೋಗಲ್ಲ, ನೀರಾಗಲ್ಲ. ಆಮೇಲೆ ಐಪಿಎ ಹಾಕಿ ಬ್ರಷ್ ಮಾಡಿದ್ರೆ ಕ್ಲೀನ್. ಹೊಗೆ ಮಾತ್ರ ಎದೆಗೆ ಒಳ್ಳೇದಲ್ಲ, ಫ್ಯಾನ್ ಇಟ್ಕೊಳ್ಳಿ.

ಐಪಿಎದು ಇನ್ನೂ ಸುಲಭ. ಬೋರ್ಡ್ ಮೇಲೆ ತೆಳ್ಳಗೆ ಸವರಿ, ಒಂದು ವೋಲ್ಟ್ ಅಷ್ಟೇ ಇಟ್ಟು, ಕರೆಂಟ್ ಲಿಮಿಟ್ ಎರಡು ಮೂರು ಆಂಪಿಯರಿಗೆ ಹಾಕಿ ಬಿಡಿ, ಶಾರ್ಟ್ ಆಗಿರೋ ಕೆಪಾಸಿಟರ್ ಮೇಲೆ ಮೊದಲು ಒಣಗುತ್ತೆ. ಆ ಲೈನಿನ ಅಸಲಿ ವೋಲ್ಟೇಜಿಗಿಂತ ಮೇಲೆ ಹೋಗ್ಲೇಬಾರದು, ಪ್ರೊಸೆಸರ್ ಕೋರ್ ಲೈನ್ ಆದ್ರೆ ಒಂದು ವೋಲ್ಟೇ ಜಾಸ್ತಿ ಆಗಬಹುದು, ಅಲ್ಲಿ ಇನ್ನೂ ಕೆಳಗಿಂದ ಶುರು ಮಾಡಿ. 99 ಪರ್ಸೆಂಟಿನದ್ದು ತಗೊಳ್ಳಿ, ಕೈ ತೊಳೆಯೋ ಸ್ಯಾನಿಟೈಸರ್ ಅಲ್ಲ. ಇದರ ಫ್ಲ್ಯಾಶ್ ಪಾಯಿಂಟ್ 12 ಡಿಗ್ರಿ ಹತ್ರ, ಅಂದ್ರೆ ನಮ್ಮೂರ ರೂಮಲ್ಲಿ ಇದರ ಆವಿ ಕಿಡಿ ಸಿಕ್ಕರೆ ಹತ್ತುತ್ತೆ, ಹಾಗಾಗಿ ಕಡಿಮೆ ವೋಲ್ಟ್ ಡಿಸಿ ಕೆಲಸಕ್ಕೆ ಮಾತ್ರ, ಮೇನ್ಸ್ ಕೊಟ್ಟಿರೋ ಬೋರ್ಡಿಗೆ ಅಲ್ಲವೇ ಅಲ್ಲ. ತಣ್ಣಗೆ ಮಾಡೋಕೆ ಐಪಿಎ ಆಗುತ್ತಾ ಅಂದ್ರೆ, ಕೆಲವೇ ಡಿಗ್ರಿ ಇಳಿಸುತ್ತೆ ಅಷ್ಟೇ. ಆದ್ರೂ ಒಂದೊಂದು ಕಡೆ ಅದೇ ಸಾಕಾಗುತ್ತೆ, 5 ವೋಲ್ಟ್ ಸರ್ಕ್ಯೂಟಲ್ಲಿ ಅನುಮಾನ ಬಂದ ಬಿಸಿ ಐಸಿ ಮೇಲೆ ಹತ್ತಿ ಕಡ್ಡಿಯಲ್ಲಿ ಒಂದು ಹನಿ ಇಟ್ಟು ನೋಡಿ.

ಥರ್ಮಲ್ ಕ್ಯಾಮೆರಾ ಇದ್ದೋರಿಗೆ ಶಾರ್ಟ್ ಹುಡುಕೋದು ಆಟ. ಫೋನಿಗೆ ಚುಚ್ಚೋ ಸಣ್ಣದು ಕೂಡ ಹದಿನೈದು ಇಪ್ಪತ್ತು ಸಾವಿರದ ಆಸುಪಾಸು, ದಿನಾ ನಾಲ್ಕು ಬೋರ್ಡ್ ನೋಡೋ ಅಂಗಡಿಯವರಿಗೆ ಆ ದುಡ್ಡು ಬೇಗ ವಾಪಸ್ ಬರುತ್ತೆ, ವರ್ಷಕ್ಕೆ ನಾಲ್ಕು ನೋಡೋರಿಗೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಇನ್ನೊಂದು ವಿಷಯ, ಕ್ಯಾಮೆರಾ ತೋರಿಸೋದು ಯಾವುದು ಬಿಸಿ ಆಗಿದೆ ಅಂತ. ನನ್ನ ಆಂಪ್ಲಿಫೈಯರ್ ಥರದ ಡ್ರೈ ಸೋಲ್ಡರ್ ಬಿಸಿನೇ ಆಗ್ತಿರ್ಲಿಲ್ಲ, ಅಲ್ಲಿ ಇಪ್ಪತ್ತು ಸಾವಿರದ ಕ್ಯಾಮೆರಾ ಕೈಯೆತ್ತುತ್ತೆ, ಏಳು ನೂರರ ಕ್ಯಾನ್ ಹಿಡಿದುಕೊಡುತ್ತೆ.

ಹೇರ್ ಡ್ರೈಯರ್‌ನ ಮರೀಬೇಡಿ

ಚಳಿ ಬಗ್ಗೆ ಬರೀತಾ ಬಿಸಿ ಯಾಕೆ ಅಂದ್ರೆ, ಮೂರನೇ ಜಾತಿ ಕಂಪ್ಲೇಂಟಿಗೆ ಸ್ಪ್ರೇ ಬೇಡವೇ ಬೇಡ. ಮಡಿಕೇರಿ, ಚಿಕ್ಕಮಗಳೂರು ಕಡೆ ಡಿಸೆಂಬರ್ ಬೆಳಗ್ಗೆ ಟಿವಿ ಹಾಕಿದ್ರೆ ಲೈಟ್ ಮಿಣುಕುತ್ತೆ ಆನ್ ಆಗಲ್ಲ, ಹತ್ತು ನಿಮಿಷ ಬಿಟ್ರೆ ಆನ್ ಆಗುತ್ತೆ, ಮಧ್ಯಾಹ್ನ ತೊಂದರೆನೇ ಇಲ್ಲ. ಇದು ಬಹಳ ಸಲ ಪವರ್ ಸಪ್ಲೈಲಿ ಒಣಗಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಪ್ಲಗ್ ಕಿತ್ತು, ಡ್ರೈಯರಲ್ಲಿ ಆ ಕೆಪಾಸಿಟರುಗಳನ್ನ ಬೆಚ್ಚಗೆ ಮಾಡಿ ಆನ್ ಮಾಡಿ ನೋಡಿ, ತಕ್ಷಣ ಎದ್ರೆ ಆ ಗುಂಪಲ್ಲೇ ಇದೆ ಅಂತ ಲೆಕ್ಕ. ಮನೇಲಿರೋ ಡ್ರೈಯರು, ಖರ್ಚು ಸೊನ್ನೆ. ಸ್ಪ್ರೇ ಕೊಳ್ಳೋ ಮುಂಚೆ ಪ್ರತಿಯೊಬ್ಬರೂ ಇದನ್ನ ಒಮ್ಮೆ ಮಾಡಿ ನೋಡ್ಬೇಕು, ಅರ್ಧ ಕಂಪ್ಲೇಂಟು ಇಲ್ಲೇ ಬಯಲಾಗುತ್ತೆ. ಡ್ರೈಯರಿಗಿರೋ ಕೊರತೆ ಒಂದೇ, ಬೋರ್ಡಿನ ಒಂದು ಇಡೀ ಮೂಲೆನೇ ಬಿಸಿ ಮಾಡುತ್ತೆ, ಒಂದೇ ಪಾರ್ಟಿಗೆ ನಿಲ್ಲಲ್ಲ. ರಟ್ಟಿನಲ್ಲಿ ಸಣ್ಣ ತೂತು ಮಾಡಿ ಅಡ್ಡ ಹಿಡಿದ್ರೆ ಸ್ವಲ್ಪ ಮಟ್ಟಿಗೆ ಆಗುತ್ತೆ.

ಐಸು ಮತ್ತು ಮನೆ ಕೆಲಸ

ಫ್ರಿಜ್, ಏಸಿ, ಗೀಸರ್ ಸೆನ್ಸರ್ ಪರೀಕ್ಷೆಗೆ ಸ್ಪ್ರೇ ಹೊಡೆದು ನೋಡೋರಿದ್ದಾರೆ. ಅದಕ್ಕಿಂತ ಒಂದು ಲೋಟ ಐಸ್ ನೀರು ನೂರು ಪಾಲು ಮೇಲು, ಯಾಕಂದ್ರೆ ಚೆನ್ನಾಗಿ ಕಲಕಿದ ಐಸ್ ನೀರು ಸೊನ್ನೆ ಡಿಗ್ರಿ ಅಂತ ಗೊತ್ತಿರುತ್ತೆ, ಸ್ಪ್ರೇ ಹೊಡೆದಾಗ ಎಷ್ಟಾಗಿದೆ ಅಂತ ಯಾರಿಗೂ ಗೊತ್ತಿರಲ್ಲ. ಏಸಿಯ 10 ಕಿಲೋ ಓಮ್ ಸೆನ್ಸರ್ ಅಂದ್ರೆ ಅದು 25 ಡಿಗ್ರಿಲಿ 10 ಕಿಲೋ ಓಮ್, ಐಸ್ ನೀರಲ್ಲಿ ಮುಳುಗಿಸಿದ್ರೆ 30 ಕಿಲೋ ಓಮ್ ಆಸುಪಾಸಿಗೆ ಏರ್ಬೇಕು. ಅಲ್ಲಾಡದೆ ಕೂತಿದ್ರೆ, ಇಲ್ಲ ತೀರಾ ಬೇರೆ ಕಡೆ ಹೋದ್ರೆ ಸೆನ್ಸರ್ ಹೋಗಿದೆ. ಬೋರ್ಡ್ ಮೇಲೂ ಐಸನ್ನ ಜಿಪ್ ಕವರಿಗೆ ಹಾಕಿ ದೊಡ್ಡ ಟ್ರಾನ್ಸಿಸ್ಟರ್, ಹೀಟ್‌ಸಿಂಕ್ ಮೇಲೆ ಇಡೋರಿದ್ದಾರೆ, ಬ್ಯಾಟರಿಯಲ್ಲಿ ನಡೆಯೋ ಸಾಮಾನಿಗೆ ಓಕೆ, ಮೇನ್ಸಿಗೆ ಬೇಡ, ಕವರಿನ ಹೊರಗೂ ನೀರು ಬೆವರುತ್ತೆ.

ಬಟ್ಟೆಗೆ ಅಂಟಿದ ಚೂಯಿಂಗ್ ಗಮ್, ಮೇಣದಬತ್ತಿ ಮೇಣ ಇದ್ರೆ ಬಟ್ಟೆನೇ ಕವರಲ್ಲಿ ಸುತ್ತಿ ಒಂದು ಗಂಟೆ ಫ್ರೀಜರಲ್ಲಿಡಿ, ಮೈನಸ್ 18ಕ್ಕೆ ಗಟ್ಟಿಯಾಗಿ ಪುಡಿಪುಡಿಯಾಗಿ ಬರುತ್ತೆ, ಕ್ಯಾನ್ ಯಾಕೆ ಖರ್ಚು ಮಾಡೋದು. ಫ್ರೀಜರಿಗೆ ಹಾಕೋಕಾಗದ ಸೋಫಾ, ಕಾರ್ ಸೀಟು, ಕಾರ್ಪೆಟ್ ಆದ್ರೆ ಮಾತ್ರ ಸ್ಪ್ರೇಗೆ ಒಂದು ಅರ್ಥ ಇದೆ, ಅಲ್ಲೂ ಮೊದಲು ಐಸ್ ಕ್ಯೂಬ್ ಕವರಲ್ಲಿ ಕಟ್ಟಿ ಒತ್ತಿ ನೋಡಿ. ಹಲಸಿನ ಮೇಣಕ್ಕಂತೂ ಕೊಬ್ಬರಿ ಎಣ್ಣೆನೇ ಸರಿ, ಅಜ್ಜಿ ಕಾಲದಿಂದ ಕತ್ತಿಗೂ ಕೈಗೂ ಅದನ್ನೇ ಸವರ್ತಾ ಬಂದಿರೋದು, ಚಳಿ ಬೇಕಿಲ್ಲ. ಸ್ಟಿಕ್ಕರ್ ಅಂಟು ತೆಗೆಯೋಕೂ ಬಿಸಿನೇ ವಾಸಿ, ಡ್ರೈಯರ್ ಹಿಡಿದು ನಿಧಾನಕ್ಕೆ ಎಳೆದ್ರೆ ಪೂರ್ತಿ ಬರುತ್ತೆ.

ತುಕ್ಕು ಹಿಡಿದ ಬೋಲ್ಟಿಗೆ ಬೋರ್ಡಿನ ಸ್ಪ್ರೇ ದಂಡ. ಅದಕ್ಕಂತಲೇ ತಣ್ಣಗೆ ಮಾಡಿ ಎಣ್ಣೆನೂ ಒಳಗೆ ಇಳಿಸೋ ಬೇರೆ ಸ್ಪ್ರೇ ಇದೆ, ಲಾಕ್‌ಟೈಟ್‌ನದ್ದು, ವುರ್ತ್‌ನದ್ದು, ಚಳಿಗೆ ತುಕ್ಕಲ್ಲಿ ಸಣ್ಣ ಬಿರುಕು ಬಿಟ್ಟು ಎಣ್ಣೆ ನುಗ್ಗುತ್ತೆ ಅನ್ನೋದು ಅದರ ತತ್ವ. ಬೇರಿಂಗ್ ಕೂರಿಸೋ ಕೆಲಸಕ್ಕೆ ಚಳಿ ಚೆನ್ನಾಗಿ ಒದಗುತ್ತೆ. 20 ಮಿಲಿಮೀಟರ್ ದಪ್ಪದ ಸ್ಟೀಲ್ ಶಾಫ್ಟನ್ನ 50 ಡಿಗ್ರಿ ತಣ್ಣಗೆ ಮಾಡಿದ್ರೆ ಕುಗ್ಗೋದು ಸುಮಾರು 0.012 ಮಿಲಿಮೀಟರ್, ಕಣ್ಣಿಗೆ ಕಾಣಲ್ಲ, ಆದ್ರೆ ಬೇರಿಂಗ್ ಸಲೀಸಾಗಿ ಜಾರೋಕೆ ಬಹಳ ಸಲ ಅಷ್ಟು ಸಾಕಾಗುತ್ತೆ. ಇದಕ್ಕೂ ಶಾಫ್ಟನ್ನ ರಾತ್ರಿ ಫ್ರೀಜರಲ್ಲಿಟ್ಟು ಬೇರಿಂಗನ್ನ ಬೆಚ್ಚಗೆ ಮಾಡೋದೇ ಉತ್ತಮ, ಸ್ಪ್ರೇ ಮೇಲ್ಮೈ ಮಾತ್ರ ತಣ್ಣಗೆ ಮಾಡುತ್ತೆ, ದಪ್ಪ ಲೋಹದ ಒಳಗಿನ ಶಾಖ ಮತ್ತೆ ಮೇಲೆ ಬರುತ್ತೆ. ಕಾರಿನ ಡೆಂಟಿಗೆ ಡ್ರೈಯರಲ್ಲಿ ಬಿಸಿ ಮಾಡಿ ಸ್ಪ್ರೇ ಹೊಡೆದ್ರೆ ಟಕ್ ಅಂತ ಏಳುತ್ತೆ ಅನ್ನೋದನ್ನ ನಾನು ಎರಡು ಬಾಗಿಲ ಮೇಲೆ ಮಾಡಿ ನೋಡಿದೆ, ಎರಡೂ ಏಳ್ಲಿಲ್ಲ. ಸತ್ತ ಹಾರ್ಡ್ ಡಿಸ್ಕನ್ನ ಫ್ರೀಜರಿಗೆ ಹಾಕೋ ಹಳೇ ಉಪಾಯ ದಯವಿಟ್ಟು ಬೇಡ, ಒಳಗೆ ತೇವ ಕೂತು ಇದ್ದಬದ್ದ ಡೇಟಾನೂ ಹೋಗುತ್ತೆ.

ಯಾರಿಗೆ ಯಾವುದು

ಮನೇಲಿ ಯಾವಾಗ್ಲೋ ಒಮ್ಮೆ ಸ್ಕ್ರೂಡ್ರೈವರ್ ಹಿಡಿಯೋರಾದ್ರೆ ಕ್ಯಾನ್ ಬೇಡ. ಡ್ರೈಯರ್, ಐಸು, ಅರ್ಧ ಲೀಟರ್ ಐಪಿಎ, ಮುನ್ನೂರು ರೂಪಾಯಿ ಒಳಗೆ ಮುಗೀತು. ಕಲಿಯೋ ಹುಡುಗರು, ಡಿಪ್ಲೊಮಾ ಐಟಿಐ ಮಾಡ್ತಿರೋರು ಇದೇ ದುಡ್ಡನ್ನ ಒಳ್ಳೇ ಸೋಲ್ಡರಿಂಗ್ ಐರನ್‌ಗೋ ಮೀಟರಿಗೋ ಹಾಕಿ, ಕಾಲೇಜ್ ಲ್ಯಾಬಲ್ಲಿ ಇಬ್ಬರು ಮೂವರು ಸೇರಿ ಒಂದು ಕ್ಯಾನ್ ಇಟ್ಕೊಂಡ್ರೆ ಸಾಕು. ಮೊಬೈಲ್ ಲ್ಯಾಪ್‌ಟಾಪ್ ಬೋರ್ಡಲ್ಲಿ ಶಾರ್ಟ್ ಹಿಡಿಯೋದೇ ಕಸುಬಾದ್ರೆ ರಾಳ ಮತ್ತು ಐಪಿಎಯಿಂದ ಶುರು ಮಾಡಿ ದುಡ್ಡು ಕೂಡಿದ ಮೇಲೆ ಕ್ಯಾಮೆರಾ. ಆಂಪ್ಲಿಫೈಯರ್, ಹ್ಯಾಮ್ ರೇಡಿಯೋ, ಅಳತೆ ಉಪಕರಣ, ಇಂಡಸ್ಟ್ರಿ ಕಂಟ್ರೋಲ್ ಬೋರ್ಡು, ಒಮ್ಮೆ ಬಂದು ಒಮ್ಮೆ ಹೋಗೋ ಕಂಪ್ಲೇಂಟು ದಿನಾ ನೋಡೋರಾದ್ರೆ ಕಣ್ಣು ಮುಚ್ಕೊಂಡು ಬೆಂಕಿ ಹತ್ತದ ಸ್ಪ್ರೇ ತಗೊಳ್ಳಿ, ಸಿಕ್ಕರೆ ಎಚ್‌ಎಫ್‌ಓ, ಸಿಗದಿದ್ರೆ 134ಎ ತಗೊಂಡು ಚಿಟಿಕೆ ಚಿಟಿಕೆ ಬಳಸಿ. ಎರಡು ಮೂರು ಒಟ್ಟಿಗೆ ತಂದಿಡಬೇಡಿ.

ತಗೊಂಡ ಮೇಲೆ ಒಂದೆರಡು ವಿಷಯ. ಕನ್ನಡಕ ಹಾಕ್ಕೊಳ್ಳಿ, ಹನಿ ಎಗರಿ ಕಣ್ಣಿಗೆ ಬಿದ್ರೆ ಕಷ್ಟ. ಮುಚ್ಚಿದ ರೂಮಲ್ಲಿ ಹೊಡೀಬೇಡಿ, ಈ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತೆ, ನೆಲದ ಮೇಲೆ ಕೂತು ಕೆಲಸ ಮಾಡೋ ನಮ್ಮಂಥವರು ಇದನ್ನ ಇನ್ನೂ ಹುಷಾರಾಗಿ ನೋಡ್ಬೇಕು. ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡಿ, ಇಂಥ ಗ್ಯಾಸನ್ನ ಬೇಕಂತ ಮೂಸಿದವರ ಎದೆಬಡಿತ ನಿಂತು ಅಲ್ಲೇ ಸತ್ತಿರೋ ಪ್ರಕರಣಗಳಿವೆ, ಎರಡನೇ ಸಲ ಮೂಸಬೇಕು ಅಂತಾನೂ ಇಲ್ಲ. ಕ್ಯಾನ್ ಮೇಲೆ 50 ಡಿಗ್ರಿಗಿಂತ ಮೇಲೆ ಇಡಬೇಡಿ ಅಂತ ಬರೆದಿರುತ್ತೆ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಮೇಲೆ ಹೋಗುತ್ತೆ, ಸರ್ವಿಸಿಗೆ ಹೋಗೋರು ಕ್ಯಾನನ್ನ ಬ್ಯಾಗಲ್ಲಿ ಹಾಕ್ಕೊಂಡು ಇಳಿದು ಹೋಗಿ, ಗಾಡೀಲಿ ಬಿಡಬೇಡಿ.